ಬೆಳೆದವನೇ ಮಾರಬೇಕೆಂಬ ಕಟ್ಟಳೆ

ಸ್ಕಾಟ್ಲೆಂಡಿನ ರೈತಸಂತೆಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಒಂದೇ ಚಿತ್ರವನ್ನು ಮುಂದಿಡುತ್ತಾರೆ. ಎಡಿನ್‌ಬರೋ ಕೋಟೆಯ ಬಂಡೆಯ ಬುಡದಲ್ಲಿ ಕ್ಯಾಸಲ್ ಟೆರೇಸ್ ಎಂಬ ಬೀದಿ, ಶನಿವಾರದ ಬೆಳಗು, ಸಾಲು ಗುಡಾರಗಳು, ಹಸಿರು ಕೋಸು, ಗಿಣ್ಣು, ಹೊಗೆಯಾಡಿಸಿದ ಮೀನು, ಕೈಚೀಲ ಹಿಡಿದು ನಿಂತ ಪಟ್ಟಣಿಗರು. ಈ ಚಿತ್ರ ಸುಳ್ಳಲ್ಲ. ಆದರೆ ಬೀದಿಯಲ್ಲಿ ನಾಲ್ಕು ಗುಡಾರ ಹೂಡಿ ಹಲಗೆ ತೂಗುಹಾಕಿದರೆ ರೈತಸಂತೆ ತಾನಾಗಿ ಹುಟ್ಟುತ್ತದೆ ಎಂಬ ಭ್ರಮೆಯನ್ನು ಅದು ಬಿತ್ತುತ್ತದೆ. ಆ ಸಂತೆಗಳನ್ನು ಇಷ್ಟು ವರ್ಷ ಎತ್ತಿ ಹಿಡಿದಿರುವುದು ಚಿತ್ರದಲ್ಲಿ ಕಾಣದ ಒಂದು ಕಟ್ಟಳೆ. ಬೆಳೆದವನೇ, ಸಾಕಿದವನೇ, ತಯಾರಿಸಿದವನೇ ಮೇಜಿನ ಹಿಂದೆ ನಿಂತು ಮಾರಬೇಕು. ಕೊಂಡು ತಂದು ಮಾರುವವನಿಗೆ ಅಲ್ಲಿ ಜಾಗವಿಲ್ಲ. ಈ ಕಟ್ಟಳೆಯನ್ನು ಸಡಿಲಿಸಿದರೆ ಸಂತೆ ಇನ್ನಷ್ಟು ಕಳೆಗಟ್ಟುತ್ತದೆ ಎಂಬ ವಾದವೊಂದು ಮತ್ತೆ ಮತ್ತೆ ಕೇಳಿಬರುತ್ತದೆ. ಅದು ಸಣ್ಣ ಉತ್ಪಾದಕನ ಕತ್ತಿಗೆ ಹಗ್ಗ ಹಾಕುವ ವಾದ.

ಈ ಸಂತೆಗಳು ಯಾವ ಸಂಕಟದಿಂದ ಹುಟ್ಟಿದವೆಂಬುದನ್ನು ಮರೆತವರು ಮಾತ್ರ ಹಾಗೆ ಹೇಳಬಲ್ಲರು. ಸ್ಕಾಟ್ಲೆಂಡಿನ ಕೃಷಿಭೂಮಿಯ ಸುಮಾರು 85 ಶೇಕಡಾ ಭಾಗವನ್ನು ಸರ್ಕಾರವೇ ಪ್ರತಿಕೂಲ ಪ್ರದೇಶವೆಂದು ವರ್ಗೀಕರಿಸಿದೆ: ಗುಡ್ಡ, ಜೌಗು, ಹುಳಿಮಣ್ಣು, ಮೋಟು ಬೇಸಿಗೆ. ಅಲ್ಲಿ ಬೆಳೆಯುವುದು ಹುಲ್ಲು, ಬದುಕುವುದು ಕುರಿ ಮತ್ತು ದನ. ಹಾಲನ್ನು ಒಟ್ಟಾಗಿ ಕೊಂಡು ಮಾರುತ್ತಿದ್ದ ಹಾಲು ಮಾರಾಟ ಮಂಡಳಿಗಳನ್ನು 1994ರಲ್ಲಿ ರದ್ದುಗೊಳಿಸಲಾಯಿತು. 90ರ ದಶಕದ ನಡುವೆ ಬ್ರಿಟನ್ನಿನ ರೈತನಿಗೆ ಲೀಟರಿಗೆ 25 ಪೆನ್ಸಿನ ಆಸುಪಾಸು ಸಿಗುತ್ತಿದ್ದ ಬೆಲೆ 2000ದ ಹೊತ್ತಿಗೆ 17ರ ಸಮೀಪಕ್ಕೆ ಕುಸಿಯಿತು. 1996ರ ಮಾರ್ಚಿಯಲ್ಲಿ ಹುಚ್ಚುಹಸು ರೋಗಕ್ಕೂ ಮನುಷ್ಯರ ಮಿದುಳು ಕಾಯಿಲೆಗೂ ಸಂಬಂಧವಿರಬಹುದೆಂದು ಸರ್ಕಾರ ಒಪ್ಪಿಕೊಂಡ ಕೆಲವೇ ದಿನಗಳಲ್ಲಿ ಬ್ರಿಟಿಷ್ ದನದ ಮಾಂಸದ ರಫ್ತು ನಿಷೇಧಕ್ಕೊಳಗಾಯಿತು. 1998–99ರಲ್ಲಿ ಕುರಿಯ ಬೆಲೆಯೂ ನೆಲ ಕಚ್ಚಿತು. ಇತ್ತ ಪಟ್ಟಣದ ಸೂಪರ್ ಮಾರ್ಕೆಟ್ಟಿನಲ್ಲಿ ಗ್ರಾಹಕ ತೆರುವ ಬೆಲೆ ಮಾತ್ರ ಆ ಪ್ರಮಾಣದಲ್ಲಿ ಇಳಿಯಲಿಲ್ಲ. ನಡುವಿನ ಹಣ ಎಲ್ಲಿ ಹೋಯಿತೆಂದು ಅಡಿಕೆ ಬೆಳೆಯುವ ಊರಿನವರಿಗೆ ವಿವರಿಸಬೇಕಾಗಿಲ್ಲ.

ಇಂಗ್ಲೆಂಡಿನ ಬಾತ್ ನಗರದಲ್ಲಿ 1997ರಲ್ಲಿ ಆರಂಭವಾದ ರೈತಸಂತೆಯ ದಾರಿಯಲ್ಲೇ 1999ರಲ್ಲಿ ಸ್ಕಾಟ್ಲೆಂಡಿನ ಮೊದಲ ರೈತಸಂತೆ ಪರ್ತ್ ಪಟ್ಟಣದಲ್ಲಿ ನೆರೆಯಿತು. ಅದರ ಹಿಂದಿದ್ದವರು ಜಿಮ್ ಫೇರ್ಲಿ ಎಂಬ ಕುರಿ ಸಾಕಣೆಗಾರ. ಅವರು 2021ರಲ್ಲಿ ಸ್ಕಾಟಿಷ್ ಸಂಸತ್ತಿಗೆ ಆಯ್ಕೆಯಾಗಿ, 2024ರಲ್ಲಿ ಸಚಿವರೂ ಆದರು. ಅಧಿಕಾರಿಗಳು ಬಂದು ಸಂತೆ ಕಟ್ಟಿಕೊಡಲಿ ಎಂದು ಕುರಿಗಾರರು ಕಾಯಲಿಲ್ಲ ಎಂಬುದು ಇಲ್ಲಿ ಮುಖ್ಯ. ಅದೇ 1999ರಲ್ಲಿ ಆಂಧ್ರದಲ್ಲಿ ರೈತು ಬಜಾರ್, ಮಧುರೆಯಲ್ಲಿ ಉಳವರ್ ಸಂದೈ ಆರಂಭವಾದವು. ಅಲ್ಲಿಯೂ ರೈತನಿಗೇ ಗುರುತಿನ ಚೀಟಿ, ರೈತನಿಗೇ ಜಾಗ. ಆದರೆ ಅವು ಸರ್ಕಾರದ ಸಂತೆಗಳು. ತಮಿಳುನಾಡಿನಲ್ಲಿ 2001ರಲ್ಲಿ ಸರ್ಕಾರ ಬದಲಾದೊಡನೆ ಸಂದೈಗಳು ಸೊರಗಿ, 2006ರಲ್ಲಿ ಮತ್ತೆ ಬದಲಾದ ಮೇಲೆ ಚೇತರಿಸಿಕೊಂಡವು. ಕಟ್ಟಳೆಯ ಒಡೆತನ ಯಾರದೆಂಬುದು ಸಣ್ಣ ಪ್ರಶ್ನೆಯಲ್ಲ.

ಕಟ್ಟಳೆಯ ವಿವರ ಹೀಗಿದೆ. ಬ್ರಿಟನ್ನಿನ ರೈತಸಂತೆಗಳ ಸಂಘವು ಮಾನ್ಯ ಮಾಡುವ ಸಂತೆಯಲ್ಲಿ ಸರಕು 30 ಮೈಲಿಯೊಳಗಿನದಾಗಿರಬೇಕು; ದೊಡ್ಡ ನಗರಗಳಿಗೂ ದೂರದ ಪ್ರದೇಶಗಳಿಗೂ 50 ಮೈಲಿ, ಅಪರೂಪಕ್ಕೆ ಇನ್ನೂ ಹೆಚ್ಚು. ಮೇಜಿನ ಹಿಂದೆ ಉತ್ಪಾದಕನೋ ಅವನ ಮನೆಯವರೋ, ಇಲ್ಲವೇ ಉತ್ಪಾದನೆಯಲ್ಲಿ ನೇರವಾಗಿ ತೊಡಗಿದವರೋ ಇರಬೇಕು. ಉಪ್ಪಿನಕಾಯಿ, ಜಾಮು, ರೊಟ್ಟಿಗಳನ್ನೂ ಮಾರಬಹುದು; ಆದರೆ ಅವನ್ನು ಮಾರುವವನೇ ತಯಾರಿಸಿರಬೇಕು. ಈ ಮುಖಾಮುಖಿಯಿಂದ ಉತ್ಪಾದಕನಿಗೆ ದಕ್ಕುವುದು ಬೆಲೆಯೊಂದೇ ಅಲ್ಲ. ಹೋದ ತಿಂಗಳ ಮಾಂಸ ಯಾಕೆ ಗಡುಸಾಗಿತ್ತೆಂದು ಕೇಳುವ ಗ್ರಾಹಕನಿಗೆ ಅವನು ಉತ್ತರ ಹೇಳಬೇಕು. ಈ ವರ್ಷ ಬಟಾಟೆ ಸಣ್ಣದೇಕೆಂದು ವಿವರಿಸಬೇಕು. ಹಾಗೆ ವಿವರಿಸಿದ ಬಟಾಟೆ ಮಾರಾಟವಾಗುತ್ತದೆ. ಸೂಪರ್ ಮಾರ್ಕೆಟ್ಟಿನ ಗೋದಾಮಿನಲ್ಲಿ ಅದೇ ಬಟಾಟೆ ಅಳತೆ ತಪ್ಪಿದ್ದಕ್ಕೆ ತಿರಸ್ಕೃತವಾಗಿ ದನದ ಮೇವಾಗುತ್ತದೆ.

ಸಸ್ಯತಳಿ ವಿಜ್ಞಾನವೂ ಇಲ್ಲಿ ಸಾಕ್ಷಿ ಹೇಳುತ್ತದೆ. ಪರ್ತ್ ಪಟ್ಟಣದ ಪಕ್ಕದಲ್ಲಿ ಹರಿಯುವ ಟೇ ನದಿಯ ಹೆಸರನ್ನು ಹೊತ್ತ ಟೇಬೆರಿ ಎಂಬ ಹಣ್ಣು ಡಂಡಿ ನಗರದ ಸಮೀಪದ ಇನ್ವರ್‌ಗೌರಿ ಸಂಶೋಧನಾ ಕೇಂದ್ರದಲ್ಲಿ ಬ್ಲ್ಯಾಕ್‌ಬೆರಿ ಮತ್ತು ಕೆಂಪು ರಾಸ್ಪ್‌ಬೆರಿಗಳ ಸಂಕರದಿಂದ ಹುಟ್ಟಿ, 1979ರಲ್ಲಿ ಹೊರಬಂತು. ಹಣ್ಣು ದೊಡ್ಡದು, ಸುವಾಸನೆ ಗಾಢ. ಆದರೆ ಅದು ಮೆದು. ತೊಟ್ಟಿನಿಂದ ಸುಲಭವಾಗಿ ಬಿಡದು. ಯಂತ್ರದ ಕೊಯ್ಲಿಗೆ ಒಗ್ಗದು. ಲಾರಿಯ ಪಯಣವನ್ನು ತಾಳದು. ಆದ್ದರಿಂದ ದೊಡ್ಡ ಅಂಗಡಿಗಳ ಮಟ್ಟಿಗೆ ಅದೊಂದು ಸೋತ ತಳಿ. ಬೆಳಿಗ್ಗೆ ಕೊಯ್ದು ಮಧ್ಯಾಹ್ನದೊಳಗೆ ಮಾರುವವನಿಗೆ ಈ ದೋಷಗಳಾವುವೂ ದೋಷಗಳಲ್ಲ. ಕಪಾಟಿನಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬ ಒಂದೇ ಅಳತೆಗೋಲಿನಿಂದ ತಳಿಗಳನ್ನು ಆರಿಸುತ್ತ ಹೋದರೆ ಎಂಥ ಹಣ್ಣುಗಳು ಉಳಿಯುತ್ತವೆಂಬುದನ್ನು ಕೃಷಿ ವಿದ್ಯಾರ್ಥಿಗಳು ಇಲ್ಲಿ ಕಾಣಬಹುದು.

ಜೇನಿನ ಕಥೆಯೂ ಇಂಥದೇ. ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಗುಡ್ಡಗಳ ಮೇಲೆ ಹೀದರ್ ಎಂಬ ಕುರುಚಲು ಗಿಡ ನೇರಳೆ ಬಣ್ಣದಲ್ಲಿ ಅರಳುತ್ತದೆ. ಜೇನು ಸಾಕುವವರು ಪೆಟ್ಟಿಗೆಗಳನ್ನು ಗುಡ್ಡಕ್ಕೆ ಹೊತ್ತೊಯ್ಯುತ್ತಾರೆ. ಆ ಜೇನು ತುಡುವೆಯ ಜೇನಿನಂತೆ ಹರಿಯುವುದಿಲ್ಲ. ಎರಿಯೊಳಗೆ ಲೋಳೆಯಂತೆ ಕಟ್ಟಿಕೊಂಡಿರುತ್ತದೆ. ಕದಡಿದರೆ ತೆಳುವಾಗುತ್ತದೆ, ಬಿಟ್ಟರೆ ಮತ್ತೆ ಗಟ್ಟಿ. ಜೇನು ತೆಗೆಯುವ ಸಾಮಾನ್ಯ ಯಂತ್ರದಲ್ಲಿ ಎಷ್ಟು ತಿರುಗಿಸಿದರೂ ಹೊರಬಾರದಾದ್ದರಿಂದ ಎರಿಯನ್ನು ಹಿಂಡಬೇಕು. ಇಷ್ಟು ದುಡಿಮೆಯ ಜೇನು ‘ಐರೋಪ್ಯ ಒಕ್ಕೂಟದ ಮತ್ತು ಹೊರಗಿನ ಜೇನುಗಳ ಮಿಶ್ರಣ’ ಎಂಬ ಚೀಟಿ ಹೊತ್ತ ಅಗ್ಗದ ಶೀಸೆಯೊಂದಿಗೆ ಕಪಾಟಿನಲ್ಲಿ ಹೇಗೆ ಸ್ಪರ್ಧಿಸಬೇಕು? ಎರಿ ಹಿಂಡಿದ ಕೈಯೇ ಶೀಸೆಯನ್ನು ಕೊಡುವಲ್ಲಿ ಮಾತ್ರ ಅದಕ್ಕೆ ತಕ್ಕ ಬೆಲೆ ಸಿಕ್ಕೀತು.

ಈಗ ಸಡಿಲಿಕೆಯ ವಾದಕ್ಕೆ ಬರೋಣ. ಚಳಿಗಾಲದಲ್ಲಿ ಸಂತೆಯ ಗುಡಾರಗಳು ಖಾಲಿ ಬೀಳುತ್ತವೆ, ಬಾಡಿಗೆ ಹುಟ್ಟುವುದಿಲ್ಲ. ಆದ್ದರಿಂದ ಬಿಸಿ ತಿಂಡಿಯವರನ್ನೂ ಕರಕುಶಲ ವಸ್ತುಗಳವರನ್ನೂ ಸಗಟು ಪೇಟೆಯಿಂದ ತರಕಾರಿ ತರುವವರನ್ನೂ ಒಳಗೆ ಬಿಡಿ ಎನ್ನುತ್ತಾರೆ. ಬಿಸಿ ತಿಂಡಿಯ ಒಂದೆರಡು ಗುಡಾರಗಳಿಂದ ಆಕಾಶವೇನೂ ಕಳಚಿ ಬೀಳದು. ಆರ್ಬ್ರೋತ್ ಊರಿನವರು ಜೋಡಿ ಹ್ಯಾಡಕ್ ಮೀನುಗಳ ಬಾಲ ಕಟ್ಟಿ, ಪೀಪಾಯಿಯೊಳಗೆ ಗಟ್ಟಿಮರದ ಬೆಂಕಿಯ ಮೇಲೆ ತೂಗುಬಿಟ್ಟು, ಸಂತೆಯಲ್ಲೇ ಹೊಗೆಯಾಡಿಸಿ ಕೊಡುವುದೂ ಬಿಸಿ ತಿಂಡಿಯೇ. 2004ರಲ್ಲಿ ಆ ಹೆಸರಿಗೆ ಐರೋಪ್ಯ ಒಕ್ಕೂಟದ ಭೌಗೋಳಿಕ ರಕ್ಷಣೆಯೂ ದೊರೆತಿದೆ. ಅಪಾಯವಿರುವುದು ಸಗಟು ಪೇಟೆಯಿಂದ ಬರುವವನಲ್ಲಿ. ಅವನ ಮೇಜಿನ ಮೇಲೆ ಜನವರಿಯಲ್ಲೂ ಟೊಮೇಟೊ ಇರುತ್ತದೆ, ಏಪ್ರಿಲ್ಲಿನಲ್ಲೂ ರಾಸ್ಪ್‌ಬೆರಿ ಇರುತ್ತದೆ. ಪಕ್ಕದ ಮೇಜಿನಲ್ಲಿ ಕೋಸು, ಟರ್ನಿಪ್ ಗೆಡ್ಡೆಗಳನ್ನಷ್ಟೇ ಇಟ್ಟ ಬೆಳೆಗಾರ ಬಡವನಂತೆ ಕಾಣುತ್ತಾನೆ. ಒಂದು ಋತು ಕಳೆಯುವುದರೊಳಗೆ ಬೆಳೆಗಾರ ಮನೆಗೆ, ವ್ಯಾಪಾರಿ ಗದ್ದುಗೆಗೆ. ‘ರೈತಸಂತೆ’ ಎಂಬ ಹೆಸರಿಗೆ ಬ್ರಿಟನ್ನಿನ ಕಾನೂನಿನಲ್ಲಿ ಪ್ರತ್ಯೇಕ ರಕ್ಷಣೆಯಿಲ್ಲ. ಮೀನಿನ ಹೆಸರನ್ನು ಕಾಯುವ ಕಾನೂನು ಸಂತೆಯ ಹೆಸರನ್ನು ಕಾಯದು.

ಈ ಸಂತೆಗಳು ಉಳ್ಳವರ ಸಂತೆಗಳೆಂಬ ಆಕ್ಷೇಪವೂ ಇದೆ. ಅದರಲ್ಲಿ ಹುರುಳಿಲ್ಲದಿಲ್ಲ. ಗ್ಲಾಸ್ಗೋದಲ್ಲಿ ಆಹಾರ ಬ್ಯಾಂಕಿನ ಬಾಗಿಲಲ್ಲಿ ಸಾಲು ನಿಲ್ಲುವ ಕುಟುಂಬ ಗಿಣ್ಣು ಕೊಳ್ಳಲು ಸಂತೆಗೆ ಬರುವುದಿಲ್ಲ. ತಿಂಗಳಿಗೆ ಒಂದೆರಡು ಸಲ ನೆರೆಯುವ ಸಂತೆ ಒಂದು ನಾಡಿನ ಹೊಟ್ಟೆಯನ್ನು ತುಂಬಿಸುವುದೂ ಇಲ್ಲ. ಆದರೆ ಅಗ್ಗದ ಆಹಾರದ ಹೆಸರಿನಲ್ಲಿ ಸೂಪರ್ ಮಾರ್ಕೆಟ್ಟುಗಳು ಮಾಡಿದ್ದೇನು? ಅವು ಮಿತಿಮೀರಿದ ನಷ್ಟಭಯವನ್ನೂ ಅನಿರೀಕ್ಷಿತ ಖರ್ಚನ್ನೂ ಸರಬರಾಜುದಾರರ ತಲೆಗೆ ಕಟ್ಟುತ್ತಿವೆಯೆಂದು 2008ರಲ್ಲಿ ಬ್ರಿಟನ್ನಿನ ಸ್ಪರ್ಧಾ ಆಯೋಗವೇ ವರದಿ ಮಾಡಿತು. 2010ರಲ್ಲಿ ನೀತಿಸಂಹಿತೆ ಜಾರಿಗೆ ಬಂತು, 2013ರಲ್ಲಿ ಅದನ್ನು ನೋಡಿಕೊಳ್ಳಲು ಅಧಿಕಾರಿಯ ನೇಮಕವೂ ಆಯಿತು. ಆದರೆ ಆ ಸಂಹಿತೆ ಅನ್ವಯಿಸುವುದು ದೊಡ್ಡ ಅಂಗಡಿಗೆ ನೇರವಾಗಿ ಮಾರುವವರಿಗೆ ಮಾತ್ರ. ನಡುವೆ ಹಾಲಿನ ಕಾರ್ಖಾನೆಯೋ ಮಾಂಸದ ಕಾರ್ಖಾನೆಯೋ ಇದ್ದರೆ ರೈತ ಅದರ ನೆರಳಿನಿಂದ ಹೊರಗೇ ಉಳಿಯುತ್ತಾನೆ. ಬಡವನ ಊಟದ ಪ್ರಶ್ನೆಗೆ ಕೂಲಿಯಲ್ಲಿ, ಸಾಮಾಜಿಕ ಭದ್ರತೆಯಲ್ಲಿ ಉತ್ತರ ಹುಡುಕಬೇಕಲ್ಲದೆ ಗುಡ್ಡದ ಕುರಿಗಾರನ ಕಿಸೆಯಲ್ಲಲ್ಲ.

ಸಂತೆಯ ಬೀದಿಯಲ್ಲಿ ಕಟ್ಟಳೆ ಕಾಯುವವರು ಬೀದಿಯ ಹಿಂದೆಯೂ ನೋಡಬೇಕು. ಮಾಂಸ ಮಾರುವ ಸಣ್ಣ ರೈತನಿಗೆ ಪರವಾನಗಿಯುಳ್ಳ ಕಸಾಯಿಖಾನೆ ಸಮೀಪದಲ್ಲಿರಬೇಕು. ದೊಡ್ಡ ಕಾರ್ಖಾನೆಗಳ ಅಳತೆಗೆ ಹೊಲಿದ ನಿಯಮಗಳ ಭಾರದಲ್ಲಿ ಸಣ್ಣ ಕಸಾಯಿಖಾನೆಗಳು ಒಂದೊಂದಾಗಿ ಮುಚ್ಚಿದವು. ಉತ್ತರ ತುದಿಯ ಓರ್ಕ್ನಿ ದ್ವೀಪಗಳ ಕಸಾಯಿಖಾನೆ 2018ರ ಜನವರಿಯಲ್ಲಿ ಬಾಗಿಲು ಹಾಕಿತು. ದನಗಳಿಗೆ ಹೆಸರಾದ ದ್ವೀಪಗಳವು. ‘ಓರ್ಕ್ನಿ ದನದ ಮಾಂಸ’ ಎಂಬ ಹೆಸರಿಗೆ 1996ರಷ್ಟು ಹಿಂದೆಯೇ ರಕ್ಷಣೆ ದೊರೆತಿತ್ತು. ದ್ವೀಪದಲ್ಲೇ ಹುಟ್ಟಿ, ಬೆಳೆದು, ಅಲ್ಲೇ ವಧೆಯಾದ ದನಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಕಸಾಯಿಖಾನೆ ಮುಚ್ಚಿದ ಮೇಲೆ ನಾಲ್ಕು ಕುರಿ ಸಾಕಿದವನೂ ಅವನ್ನು ಹಡಗಿನಲ್ಲಿ ಪೆಂಟ್ಲೆಂಡ್ ಕಡಲು ದಾಟಿಸಿ, ಮಾಂಸವನ್ನು ಮರಳಿ ಹಡಗಿನಲ್ಲೇ ತರಬೇಕಾಯಿತು. ರೈತಸಂತೆಯ ಚಿತ್ರಗಳನ್ನು ಪ್ರವಾಸಿ ಪುಸ್ತಿಕೆಗಳಲ್ಲಿ ಅಚ್ಚುಹಾಕಿಸಲು ಹಣ ಒದಗಿಸುವ ಸರ್ಕಾರ, ಆ ಹಣದ ಒಂದು ಪಾಲನ್ನಾದರೂ ದ್ವೀಪದ ಕಸಾಯಿಖಾನೆಗೆ ಮೀಸಲಿಡಲಿ.