ಸಣ್ಣ ಪುಸ್ತಕ, ಎರಡನೆಯ ಮೆಟ್ಟಿಲು



ತೋಟದ ಲೈನು ಮನೆಗಳಲ್ಲಿ ಕಂಪ್ಯೂಟರಿನ ಮಾತು ಈಗ ಹೊಸದಲ್ಲ. ನಮ್ಮ ಮಕ್ಕಳಲ್ಲಿ ಕೆಲವರು ಕಾಲೇಜಿನಲ್ಲಿ, ಇನ್ನು ಕೆಲವರು ಫೋನಿನಲ್ಲಿ ತಾವಾಗಿಯೇ ಪಾಠ ನೋಡಿ, ವೆಬ್ ಪುಟ ಕಟ್ಟುವ ಕೆಲಸವನ್ನು ಸ್ವಲ್ಪ ಮಟ್ಟಿಗೆ ಕಲಿತಿದ್ದಾರೆ. ಆದರೆ ಸ್ವಲ್ಪ ಕಲಿತ ಮೇಲೆ ಒಂದು ಕಡೆ ನಿಂತುಬಿಡುತ್ತಾರೆ. ಆಗ ತಂದೆತಾಯಿಗಳು ನಮ್ಮ ಬಳಿಗೆ ಬಂದು, "ಪೇಟೆಯಲ್ಲಿ ದೊಡ್ಡ ಕೋರ್ಸ್ ಇದೆಯಂತೆ. ಪಿ.ಎಫ್. ಹಣದಲ್ಲಿ ಮುಂಗಡ ತೆಗೆಯೋಣವೇ? ಕಿವಿಯ ಓಲೆ ಅಡವಿಡೋಣವೇ?" ಎಂದು ಕೇಳುತ್ತಾರೆ. ಇಷ್ಟು ದಿನ ಈ ಪ್ರಶ್ನೆಗೆ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಹೇಳುತ್ತ ಬಂದೆವು. ಈಗ ಎಲ್ಲರಿಗೂ ಒಟ್ಟಾಗಿ ಹೇಳುವುದೇ ಒಳ್ಳೆಯದೆಂದು ತೋರುತ್ತದೆ.

ನಮ್ಮ ಅಭಿಪ್ರಾಯ ಇಷ್ಟೇ. ಮೊದಲ ಪಾಠ ಮುಗಿಸಿ ನಿಂತಿರುವ ಮಗುವಿಗೆ ಬೇಕಾದದ್ದು ದೊಡ್ಡ ಕೋರ್ಸ್ ಅಲ್ಲ. ಒಂದು ಸಣ್ಣ ಪುಸ್ತಕ, ಒಂದು ಕೀಬೋರ್ಡು, ಕೂಡಿ ಓದಲು ಇನ್ನೊಬ್ಬರು, ಮತ್ತು ಮನೆಯವರು ಬಿಟ್ಟುಕೊಡುವ ದಿನಕ್ಕೊಂದು ಗಂಟೆ, ಇವು ಬೇಕು.

ಈ ಕೆಲಸದ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು ಹೇಳುತ್ತೇವೆ. ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಒಂದು ಪುಟ ತೆರೆದು ಗುಂಡಿ ಒತ್ತಿದಾಗ ಏನಾದರೂ ನಡೆಯುತ್ತದಲ್ಲವೇ? ಹಾಗೆ ನಡೆಯುವಂತೆ ಮಾಡುವ ಭಾಷೆಯ ಹೆಸರು ಜಾವಾಸ್ಕ್ರಿಪ್ಟ್. 1995ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು ಹತ್ತೇ ದಿನಗಳಲ್ಲಿ ಇದರ ಮೊದಲ ರೂಪವನ್ನು ಕಟ್ಟಿದರು. ಮುಂದೆ ಒಂದೊಂದು ಬ್ರೌಸರು ಅದನ್ನು ತನ್ನದೇ ರೀತಿಯಲ್ಲಿ ನಡೆಸತೊಡಗಿದ್ದರಿಂದ, ಒಂದೇ ಕೆಲಸವನ್ನು ಎರಡು ಮೂರು ಬಗೆಯಾಗಿ ಬರೆಯಬೇಕಾಗುತ್ತಿತ್ತು. ಈ ತೊಂದರೆಯನ್ನು ಕಡಿಮೆ ಮಾಡಲು 2006ರಲ್ಲಿ ಜಾನ್ ರೆಸಿಗ್ ಎಂಬವರು ಜೆಕ್ವೆರಿ ಎಂಬುದನ್ನು ಹೊರತಂದರು. ಈ ಕಸುಬಿನಲ್ಲಿ ಇಂಥದ್ದನ್ನು ಲೈಬ್ರರಿ ಎನ್ನುತ್ತಾರೆ. ಇದು ಪುಸ್ತಕ ಇಡುವ ಮನೆಯಲ್ಲ; ಬಲ್ಲವರು ಮೊದಲೇ ಮಾಡಿಟ್ಟ ಹತ್ಯಾರುಗಳ ಪೆಟ್ಟಿಗೆ. ಬಡಗಿಯು ತನ್ನ ಉಳಿಯನ್ನು ತಾನೇ ಕುಲುಮೆಯಲ್ಲಿ ಬಡಿದು ಮಾಡಿಕೊಳ್ಳುವುದಿಲ್ಲವಷ್ಟೆ. ಜೆಕ್ವೆರಿಗೆ ಯಾರೂ ಹಣ ಕೊಡಬೇಕಾಗಿಲ್ಲ. ಅದರ ಒತ್ತಾದ ಕಡತ ನೂರು ಕಿಲೋಬೈಟಿಗಿಂತಲೂ ಸಣ್ಣದು, ಅಂದರೆ ಫೋನಿನಲ್ಲಿ ತೆಗೆದ ಒಂದು ಫೋಟೋಕ್ಕಿಂತ ಚಿಕ್ಕದು. ಒಮ್ಮೆ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಸಿಗ್ನಲ್ ಬೇಕಾದರೆ ಮೇಲಿನ ತಿರುವಿನವರೆಗೆ ಹತ್ತಿ ಹೋಗಬೇಕಾದ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ಈಗ ನಡೆದ ಒಂದು ವಿಷಯ ಹೇಳುತ್ತೇವೆ. ನಮ್ಮ ಕೂಟದ ಒಬ್ಬ ಹುಡುಗಿ, ಎಲೆ ಕೀಳುವ ತಾಯಿಯ ಮಗಳು, ತಾಯಿಯ ದಿನದಿನದ ತೂಕವನ್ನು ಬರೆದಿಡಲು ಜೆಕ್ವೆರಿ ಇಟ್ಟುಕೊಂಡು ಒಂದು ಪುಟ ಕಟ್ಟಿದಳು. ಅದರಲ್ಲಿ ತಾರೀಕು, ಬೆಳಗಿನ ತೂಕ, ಸಂಜೆಯ ತೂಕ ಬರೆಯಬೇಕು. ಗುಂಡಿ ಒತ್ತಿದರೆ ಹೊಸ ಸಾಲು ಸೇರಬೇಕು. ತಪ್ಪಾಗಿ ಬರೆದ ಸಾಲನ್ನು ಅಳಿಸಲು ಪ್ರತಿ ಸಾಲಿನ ತುದಿಯಲ್ಲಿ ಇನ್ನೊಂದು ಗುಂಡಿ. ತಿಂಗಳ ಕೊನೆಗೆ ಒಟ್ಟು ಕಿಲೋ ಎಷ್ಟೆಂದು ತಾನಾಗಿ ಬರಬೇಕು. ಸಂಬಳದ ಚೀಟಿ ಕೈಗೆ ಬಂದಾಗ ಅದರಲ್ಲಿರುವ ತೂಕ ಸರಿಯೋ ತಪ್ಪೋ ಎಂದು ತಾಯಿ ತಾನೇ ನೋಡಿಕೊಳ್ಳಬೇಕೆಂಬುದು ಅವಳ ಆಸೆ.

ಪುಟ ಎದ್ದು ನಿಂತಿತು. ಆದರೆ ಮೊದಲೇ ಇದ್ದ ಸಾಲುಗಳು ಮಾತ್ರ ಅಳಿದವು. ಆಮೇಲೆ ಸೇರಿಸಿದ ಸಾಲಿನ ಗುಂಡಿಯನ್ನು ಎಷ್ಟು ಒತ್ತಿದರೂ ಏನೂ ಆಗಲಿಲ್ಲ. ಒಂದು ವಾರ ಅವಳು ವಿಡಿಯೋ ಪಾಠಗಳನ್ನು ಹುಡುಕಿದಳು. ಸಿಕ್ಕಿದ ಪಾಠಗಳೆಲ್ಲ ಮೊದಲಿನಿಂದಲೇ ಶುರುವಾಗುತ್ತಿದ್ದವು. ಮೊದಲ ಮೆಟ್ಟಿಲಿನ ಬಳಿ ಕೈಹಿಡಿಯಲು ನೂರು ಜನ ಇದ್ದಾರೆ. ಎರಡನೆಯ ಮೆಟ್ಟಿಲಿನ ಬಳಿ ಯಾರೂ ಇಲ್ಲ. ಕೊನೆಗೆ ಒಂದು ಸಣ್ಣ ಇ-ಪುಸ್ತಕದ ಒಂದೂವರೆ ಪುಟದಲ್ಲಿ ಅವಳಿಗೆ ಉತ್ತರ ಸಿಕ್ಕಿತು.

ಆ ಉತ್ತರ ನಮಗೂ ಅರ್ಥವಾಗುವಂಥದ್ದೇ. ಎಲೆ ತೂಗುವ ಜಾಗವನ್ನು ನೆನೆಯಿರಿ. ಬೆಳಿಗ್ಗೆ ಬಂದ ಒಬ್ಬೊಬ್ಬ ಹೆಂಗಸಿನ ಹಿಂದೆಯೂ ಒಬ್ಬೊಬ್ಬ ರೈಟರ್ ನಿಂತನೆಂದು ಇಟ್ಟುಕೊಳ್ಳಿ. ಮಧ್ಯಾಹ್ನ ಹೊಸದಾಗಿ ಸೇರಿದವಳ ಹಿಂದೆ ಯಾರೂ ಇರುವುದಿಲ್ಲ. ಅವಳ ಎಲೆ ಲೆಕ್ಕಕ್ಕೆ ಬರುವುದಿಲ್ಲ. ಅದರ ಬದಲು ಒಬ್ಬನೇ ರೈಟರ್ ತಕ್ಕಡಿಯ ಬಳಿ ಕುಳಿತು, ಬಂದವರ ನಂಬರು ಕೇಳಿ ಬರೆದುಕೊಂಡರೆ ಹಳಬರೂ ಹೊಸಬರೂ ಎಲ್ಲರೂ ಲೆಕ್ಕಕ್ಕೆ ಸೇರುತ್ತಾರೆ. ಪುಟದಲ್ಲಿಯೂ ಹೀಗೆಯೇ. ಒಂದೊಂದು ಗುಂಡಿಗೂ ಒಂದೊಂದು ಕಾವಲು ಇಡಬಾರದು. ಎಲ್ಲ ಸಾಲುಗಳನ್ನೂ ಒಳಗೊಂಡ ಪಟ್ಟಿಗೆ ಒಂದೇ ಕಾವಲು ಇಟ್ಟು, ಒತ್ತಿದ್ದು ಯಾವ ಗುಂಡಿ ಎಂದು ಅಲ್ಲಿ ವಿಚಾರಿಸಬೇಕು. ಜೆಕ್ವೆರಿಯಲ್ಲಿ 'ಆನ್' ಎಂಬ ಆಜ್ಞೆಯನ್ನು ಪಟ್ಟಿಗೆ ಕೊಟ್ಟು, ಅದರೊಳಗೆ ಗುಂಡಿಯ ಗುರುತನ್ನೂ ಬರೆದರೆ ಇದು ಆಗುತ್ತದೆ. ಆ ಹುಡುಗಿ ಬದಲಾಯಿಸಿದ್ದು ಒಂದೇ ಸಾಲು.

ಇಲ್ಲಿ ಒಂದನ್ನು ಗಮನಿಸಬೇಕು. ಆ ಒಂದೂವರೆ ಪುಟ ಒಂದು ವಾರದ ಗೋಳನ್ನು ಮುಗಿಸಿತು, ನಿಜ. ಆದರೆ ಆ ಒಂದು ವಾರದ ಗೋಳು ಇಲ್ಲದೆ ಹೋಗಿದ್ದರೆ ಆ ಒಂದೂವರೆ ಪುಟ ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ. ಸಣ್ಣ ಪುಸ್ತಕವು ಪ್ರಶ್ನೆ ಹೊತ್ತು ಬಂದವರ ಕೂಡ ಮಾತಾಡುತ್ತದೆ. ಬರಿಗೈಯಲ್ಲಿ ಬಂದವರ ಮುಂದೆ ಸುಮ್ಮನಿರುತ್ತದೆ.

ಇದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ಹಿಂದೆ ಏನೂ ಕಲಿಯದ ಮೂವರು ಹುಡುಗರ ಕೈಗೆ ಇಂಥ ಪುಸ್ತಕವನ್ನೇ ಕೊಟ್ಟೆವು. ಪುಟ ಕಡಿಮೆ, ಬೇಗ ಮುಗಿಯುತ್ತದೆ ಎಂದುಕೊಂಡೆವು. ಮೂವರೂ ಎರಡನೆಯ ಅಧ್ಯಾಯದಲ್ಲಿಯೇ ನಿಂತರು. ಹುಡುಗರಿಗೆ ಆಸಕ್ತಿಯಿಲ್ಲ ಎಂದು ನಾವು ಹೇಳಿಬಿಟ್ಟೆವು. ತಪ್ಪು ಅವರದಲ್ಲ, ನಮ್ಮದು. ಪುಟ ಕಡಿಮೆ ಇದ್ದರೆ ಪಾಠ ಸುಲಭ ಎಂದು ತಿಳಿಯುವುದು ದೊಡ್ಡ ಮೋಸ. ಬರೆದವನು ಬಿಟ್ಟುದನ್ನೆಲ್ಲ ಓದುವವನು ಕೈಯಿಂದ ಮಾಡಿ ತುಂಬಿಸಿಕೊಳ್ಳಬೇಕಾಗುತ್ತದೆ.

ಯಾವ ಪುಸ್ತಕ ಎಂದು ಕೇಳುವವರಿಗೆ ಒಂದು ಹೆಸರು ಹೇಳಬಹುದು. ಕೋಡಿ ಲಿಂಡ್ಲಿ ಎಂಬವರು ಬರೆದ 'ಜೆಕ್ವೆರಿ ಸಕ್ಸಿಂಕ್ಟ್ಲಿ' ಎಂಬುದು ಮೊದಲ ಪಾಠ ಮುಗಿಸಿದವರಿಗಾಗಿಯೇ ಬರೆದದ್ದು. ಸಿಂಕ್‌ಫ್ಯೂಷನ್ ಎಂಬ ಕಂಪನಿ ಅದನ್ನು ಬೆಲೆಯಿಲ್ಲದ ಇ-ಪುಸ್ತಕವಾಗಿ ಹೊರತಂದಿತು. ಆದರೆ ಆ ಕಾಲದ ಪುಸ್ತಕಗಳನ್ನೂ ಪಾಠಗಳನ್ನೂ ಓದುವಾಗ ಎಚ್ಚರ ಬೇಕು. ಹಿಂದೆ ಇದೇ ಕಾವಲು ಕೆಲಸಕ್ಕೆ 'ಲೈವ್' ಎಂಬ ಆಜ್ಞೆ ಇತ್ತು. 2011ರಲ್ಲಿ 'ಆನ್' ಬಂತು. 2013ರಲ್ಲಿ ಬಂದ 1.9ನೆಯ ಆವೃತ್ತಿಯಲ್ಲಿ 'ಲೈವ್' ಅನ್ನು ತೆಗೆದೇಬಿಟ್ಟರು. ಇದನ್ನು ತಿಳಿಯದವರು ಪುಸ್ತಕದಲ್ಲಿದ್ದಂತೆಯೇ ಬರೆದು, ಕೆಲಸವಾಗದೆ, ತಮ್ಮ ಬುದ್ಧಿಯನ್ನೇ ಬೈದುಕೊಳ್ಳುತ್ತಾರೆ. ಆದುದರಿಂದ ಪುಸ್ತಕದ ಪಕ್ಕದಲ್ಲಿ ಜೆಕ್ವೆರಿಯವರೇ ನೆಟ್ಟಿನಲ್ಲಿ ಇಟ್ಟಿರುವ ವಿವರಣೆಯನ್ನೂ ತೆರೆದು ನೋಡಬೇಕು.

ಕೆಲವರು ಆಕ್ಷೇಪಿಸುತ್ತಾರೆ: ಜೆಕ್ವೆರಿ ಹಳೆಯದಾಯಿತು, ಈಗ ಕೆಲಸ ಕೊಡುವವರು ಕೇಳುವುದು 2013ರಲ್ಲಿ ಬಂದ ರಿಯಾಕ್ಟ್ ಮುಂತಾದವುಗಳನ್ನು. ಇದರಲ್ಲಿ ಸತ್ಯವಿದೆ, ಮುಚ್ಚಿಡುವುದು ಸರಿಯಲ್ಲ. ಜೆಕ್ವೆರಿ ಮಾಡಿಕೊಡುತ್ತಿದ್ದ ಎಷ್ಟೋ ಕೆಲಸಗಳನ್ನು ಈಗ ಬ್ರೌಸರುಗಳೇ ನೇರವಾಗಿ ಮಾಡುತ್ತವೆ. ಆದರೂ ಲೋಕದ ಅರ್ಧಕ್ಕಿಂತ ಹೆಚ್ಚು ವೆಬ್‌ಸೈಟುಗಳಲ್ಲಿ ಜೆಕ್ವೆರಿ ಇನ್ನೂ ಇದೆ. ವರ್ಡ್‌ಪ್ರೆಸ್ಸಿನಲ್ಲಿ ಕಟ್ಟಿದ ಲೆಕ್ಕವಿಲ್ಲದಷ್ಟು ಪುಟಗಳಲ್ಲಿ ಅದು ಸೇರಿಕೊಂಡೇ ಬರುತ್ತದೆ. ಹಳೆಯ ಗಿಡಕ್ಕೂ ಕವಾತು ಮಾಡುವ ಕೈ ಬೇಕಲ್ಲವೇ? ಅದಲ್ಲದೆ, ಎರಡನೆಯ ಮೆಟ್ಟಿಲಿನಲ್ಲಿ ಕಲಿಯುವುದು ಒಂದು ಲೈಬ್ರರಿಯನ್ನು ಮಾತ್ರವಲ್ಲ. ಒಂದೇ ಕಾವಲಿನಿಂದ ಹಲವು ಗುಂಡಿ ನೋಡಿಕೊಳ್ಳುವುದು ಒಂದು. ಹುಡುಕಿ ತೆಗೆದ ವಸ್ತುವನ್ನು ಕೈಯಲ್ಲೇ ಇಟ್ಟುಕೊಂಡು, ಪ್ರತಿಸಲ ಸ್ಟೋರಿಗೆ ಓಡದಿರುವುದು ಇನ್ನೊಂದು. ದೂರದ ಕಂಪ್ಯೂಟರಿಗೆ ಕೇಳಿಕೆ ಕಳಿಸಿ, ಉತ್ತರ ಬಂದ ಮೇಲೆಯೇ ಅದನ್ನು ಬಳಸುವುದು ಮತ್ತೊಂದು. ಆಫೀಸಿಗೆ ಅರ್ಜಿ ಕೊಟ್ಟು, ಅದು ಮಂಜೂರಾಗುವ ಮೊದಲೇ ಹಣ ಎಣಿಸಹೋದಂತೆ, ಉತ್ತರ ಬರುವ ಮುಂಚೆಯೇ ಅದನ್ನು ಬಳಸಹೋಗುವ ತಪ್ಪನ್ನು ಕಲಿಯುವವರೆಲ್ಲರೂ ಮಾಡುತ್ತಾರೆ. ಈ ತಿಳಿವಳಿಕೆಗಳು ಮುಂದೆ ಯಾವ ಲೈಬ್ರರಿಗೆ ಹೋದರೂ ಕೂಡ ಬರುತ್ತವೆ. ಆದರೆ ಮೂಲ ಜಾವಾಸ್ಕ್ರಿಪ್ಟನ್ನು ಬಿಟ್ಟು ಲೈಬ್ರರಿಯನ್ನು ಮಾತ್ರ ಹಿಡಿದುಕೊಂಡವರು ಹತ್ಯಾರು ಬದಲಾದ ದಿನ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ.

ಇನ್ನೊಂದು ಕಷ್ಟ ಭಾಷೆಯದು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ. ನೀಲಗಿರಿಯಲ್ಲಿರುವವರು ಶಾಲೆಯಲ್ಲಿ ತಮಿಳು ಓದುತ್ತಾರೆ, ವಯನಾಡಿನವರು ಮಲಯಾಳ. ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಸಣ್ಣ ಪುಸ್ತಕಕ್ಕೆ ಇಲ್ಲಿಯೂ ಒಂದು ಅನುಕೂಲವಿದೆ: ಅದರಲ್ಲಿ ಕಥೆ ಕಡಿಮೆ, ಉದಾಹರಣೆ ಹೆಚ್ಚು, ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಇಬ್ಬರು ಕೂಡಿ ಓದಿ, ತಿಳಿಯದ ಪದವನ್ನು ಒಂದು ನೋಟ್ ಪುಸ್ತಕದಲ್ಲಿ ಕನ್ನಡದ ಅರ್ಥದೊಡನೆ ಬರೆದಿಟ್ಟರೆ, ಅದು ಮುಂದಿನ ವರ್ಷ ಬರುವವರಿಗೂ ಉಪಯೋಗಕ್ಕೆ ಬರುತ್ತದೆ.

ಓದುವ ರೀತಿಯನ್ನೂ ಹೇಳುತ್ತೇವೆ. ವಾರಕ್ಕೆ ಹತ್ತು ಪುಟ ಸಾಕು. ಪುಸ್ತಕದ ಉದಾಹರಣೆಯನ್ನು ನಕಲು ಮಾಡಿ ಅಂಟಿಸಬಾರದು; ಒಂದೊಂದು ಅಕ್ಷರವನ್ನೂ ಕೈಯಿಂದ ಬರೆಯಬೇಕು. ನಡೆಸಿ ನೋಡುವ ಮೊದಲು, ಏನಾಗಬಹುದೆಂದು ಜೊತೆಯವರಿಗೆ ಬಾಯಿಬಿಟ್ಟು ಹೇಳಬೇಕು. ಸರಿಯಾಗಿ ನಡೆದ ಮೇಲೆ ಬೇಕೆಂದೇ ಒಂದು ಕಡೆ ಕೆಡಿಸಿ, ಯಾವ ತಪ್ಪು ತೋರಿಸುತ್ತದೆಂದು ನೋಡಬೇಕು. ಮರುದಿನ ಪುಸ್ತಕ ಮುಚ್ಚಿಟ್ಟು ಅದನ್ನೇ ಮತ್ತೆ ಬರೆಯಬೇಕು. ಓದಲು ಫೋನು ಸಾಕು, ಬರೆಯಲು ಸಾಲದು. ಹಳೆಯ ಕಂಪ್ಯೂಟರು ಆದರೂ ಚಿಂತೆಯಿಲ್ಲ, ಈ ಕೆಲಸಕ್ಕೆ ಒಂದು ಬ್ರೌಸರು ಮತ್ತು ಅಕ್ಷರ ಬರೆಯುವ ಒಂದು ಸಾದಾ ಪ್ರೋಗ್ರಾಮು ಇದ್ದರೆ ಆಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಗೆ ಬೇಕಾದ ಒಂದು ಪುಟವನ್ನು ಕಟ್ಟಲು ತೊಡಗಬೇಕು. ಎಲೆ ತೂಕದ ಲೆಕ್ಕವಾಗಲಿ, ಚೀಟಿಯ ಲೆಕ್ಕವಾಗಲಿ, ಅಂಗಡಿ ಸಾಲದ ಲೆಕ್ಕವಾಗಲಿ, ತನಗೆ ಬೇಕಾದದ್ದನ್ನು ಕಟ್ಟುವವನಿಗೆ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ.

ತಂದೆತಾಯಿಗಳಲ್ಲಿ ಒಂದು ಮನವಿ. ಸಣ್ಣ ಪುಸ್ತಕ ಓದಿದ ಮಾತ್ರಕ್ಕೆ ಕೆಲಸ ಸಿಕ್ಕೀತೆಂದು ನಾವು ಹೇಳುವುದಿಲ್ಲ. ದೊಡ್ಡ ಕೋರ್ಸಿನವರು ಹಾಗೆ ಹೇಳಿದರೆ ನಂಬಬೇಡಿರಿ. ಮುಂದೆ ಒಂದು ದಿನ ಒಳ್ಳೆಯ ಕೋರ್ಸ್ ಬೇಕಾಗಬಹುದು. ಆದರೆ ಮೊದಲು ಮೂರು ತಿಂಗಳು ಹೀಗೆ ಓದಲಿ. ತನಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ತಿಳಿದ ಮಗು ಕೋರ್ಸಿನವರ ಮುಂದೆ ಕುಳಿತು, ಅಲ್ಲಿ ಕಲಿಸುವುದು ತನಗೆ ಬೇಕೋ ಬೇಡವೋ ಎಂದು ತಾನೇ ಕೇಳಿ ತಿಳಿಯಬಲ್ಲದು. ಆ ತನಕ ಪಿ.ಎಫ್. ಹಣ ಇದ್ದಲ್ಲಿಯೇ ಇರಲಿ, ಓಲೆ ಕಿವಿಯಲ್ಲಿಯೇ ಇರಲಿ.

ನೀವು ಕೊಡಬೇಕಾದದ್ದು ಬೇರೆ. ಮಗನು ಓದಲು ಕುಳಿತರೆ ಯಾರೂ ಎಬ್ಬಿಸುವುದಿಲ್ಲ. ಮಗಳು ಕುಳಿತರೆ ನೀರು, ಸೌದೆ, ಪಾತ್ರೆ, ತಮ್ಮನ ಊಟ ಎಂದು ಹತ್ತು ಸಲ ಕರೆಯುತ್ತೇವೆ. ದಿನಕ್ಕೆ ಒಂದು ಗಂಟೆ ಅವಳನ್ನು ಕರೆಯದಿರಿ. ಮೇಲೆ ಹೇಳಿದ ಹುಡುಗಿಯ ತಾಯಿ ಮಾಡಿದ್ದು ಇಷ್ಟೇ. ರಾತ್ರಿ ಎಂಟರಿಂದ ಒಂಬತ್ತರವರೆಗೆ ಆ ಮನೆಯ ಕೆಲಸವನ್ನು ತಮ್ಮ ಮಾಡುತ್ತಾನೆ. ಆ ತಾಯಿಗೆ ಜೆಕ್ವೆರಿ ಎಂದರೆ ಏನೆಂದು ಇಂದಿಗೂ ಗೊತ್ತಿಲ್ಲ. ಆದರೆ ಕಳೆದ ತಿಂಗಳ ಸಂಬಳದ ಚೀಟಿ ಬಂದಾಗ, ಮಗಳು ಕಟ್ಟಿದ ಪುಟವನ್ನು ತೆರೆಸಿ, ಕಿಲೋ ಕಿಲೋ ಹೋಲಿಸಿ ನೋಡಿ, ಆಮೇಲೆಯೇ ರುಜು ಹಾಕಿದಳು.