ನಡುಗೋಡೆ ಯಾರದ್ದು?

ಚಿತ್ರದುರ್ಗಕ್ಕೆ ಬಂದವರು ಏಳುಸುತ್ತಿನ ಕೋಟೆ ಹತ್ತುತ್ತಾರೆ, ಓಬವ್ವನ ಕಿಂಡಿ ನೋಡುತ್ತಾರೆ, ಹೊತ್ತಿದ್ದರೆ ಚಂದ್ರವಳ್ಳಿಗೂ ಹೋಗಿಬರುತ್ತಾರೆ. ಹಿರಿಯೂರಿನ ಕಡೆ ಹೊರಳಿದವರಿಗೆ ಮಾರಿಕಣಿವೆ ಇದೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಆ ಕಲ್ಲಿನ ಕಟ್ಟೆ 1933ರಲ್ಲೊಮ್ಮೆ ತುಂಬಿದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ಜಾತ್ರೆಯಂತೆ ಜನ ಸೇರಿತು. ಒಂಬತ್ತು ವರ್ಷ ಅಲ್ಲಿ ಕಲ್ಲು ಹೊತ್ತವರು ರಾತ್ರಿ ಎಲ್ಲಿ ಮಲಗುತ್ತಿದ್ದರು ಎಂದು ಕೇಳುವುದು ಮಾತ್ರ ನಮ್ಮ ರೂಢಿಯಲ್ಲಿಲ್ಲ. ದುಡಿಯುವವರ ಮನೆಯನ್ನು ವಾಸ್ತುವಿನ ಲೆಕ್ಕಕ್ಕೆ ನಾವು ಹಿಡಿದವರೇ ಅಲ್ಲ.

ರೈಲ್ವೆಯವರು ಕಟ್ಟಿದ ಸಾಲುಮನೆಗಳನ್ನೇ ತೆಗೆದುಕೊಳ್ಳಿ. ಬೆಂಗಳೂರಿನಿಂದ ಹರಿಹರದ ಕಡೆಗೆ ಮೀಟರ್‌ಗೇಜ್ ಹಳಿ ಬಂದದ್ದು 1880ರ ದಶಕದಲ್ಲಿ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಆ ಹಳಿಯ ಮೇಲಿನ ಜಂಕ್ಷನ್. ಹಳಿ ಬಂದಲ್ಲೆಲ್ಲ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್‌ಗಳ ಕ್ವಾರ್ಟರ್ಸ್ ಬಂದವು: ಒಂದಕ್ಕೊಂದು ಬೆನ್ನು ಭುಜ ತಾಗಿಸಿಕೊಂಡ ಸಾಲು, ಮುಂದೆ ಕೈಯಗಲದ ಪಡಸಾಲೆ, ಒಳಗೊಂದು ಕೋಣೆ, ಹಿಂದೆ ಅಡುಗೆಗೆ ಮತ್ತು ಬಚ್ಚಲಿಗೆ ಒಂದಿಷ್ಟು ಜಾಗ. ಇಂಥ ಸಾಲುಗಳಿಗೆ ಸಾವು ಬರುವುದು ಎಲ್ಲ ಕಡೆ ಒಂದೇ ಬಗೆಯಲ್ಲಿ. ಮೊದಲು ಮನೆ ಖಾಲಿಯಾಗುತ್ತದೆ. ಆಮೇಲೆ ಬಾಗಿಲು ಕಿಟಕಿ ಹೋಗುತ್ತವೆ. ಹೆಂಚು ಜಾರಿ ಮಳೆ ಒಳಗಿಳಿದ ಮೇಲೆ ಕಡತದಲ್ಲಿ ‘ಶಿಥಿಲ’ ಎಂಬ ಷರಾ ಬೀಳುತ್ತದೆ. ಖಾಲಿ ಬಿಟ್ಟಿದ್ದೇ ಶಿಥಿಲಕ್ಕೆ ಕಾರಣ ಎಂದು ಯಾವ ಷರಾದಲ್ಲೂ ಇರುವುದಿಲ್ಲ!

ಸಾಲುಮನೆಯ ಜೀವ ಅದರ ನಡುಗೋಡೆಯಲ್ಲಿದೆ. ಒಂದೇ ಗೋಡೆ ಎರಡು ಮನೆಯ ಸೂರನ್ನು ಹೊರುತ್ತದೆ. ಹೊಸದುರ್ಗ, ಹಿರಿಯೂರು ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆಯ ಆ ಬದಿ ಈ ಬದಿ ಜಂತಿ ಕೂತಿರುತ್ತವೆ. ಜಂತಿಯ ಮೇಲೆ ಸೊಪ್ಪು ಸದೆ, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಕರಲು ಮಣ್ಣು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸದಾಗಿ ಕರಲು ಹಾಕುವುದು ಇಡೀ ಸಾಲಿನ ಕೆಲಸ, ಏಕೆಂದರೆ ಒಬ್ಬನ ಮಾಳಿಗೆಯ ನೀರು ಹರಿಯಬೇಕಾದ್ದು ಇನ್ನೊಬ್ಬನ ಮಾಳಿಗೆಯ ಮೇಲೆ. ನಡುವಿನ ಒಬ್ಬ ಮನೆ ಕೆಡವಿ ಆರ್‌ಸಿಸಿ ಎಬ್ಬಿಸಿದರೆ ಅಕ್ಕಪಕ್ಕದವರ ನಡುಗೋಡೆ ಬಯಲಿಗೆ ಬೀಳುತ್ತದೆ. ಸೂರಿನ ಆಸರೆಯಲ್ಲೇ ಇದ್ದ ಮಣ್ಣುಗೋಡೆ ಎಷ್ಟು ಮಳೆ ತಡೆದೀತು? ಹೀಗಾಗಿ ಸಾಲುಮನೆಯಲ್ಲಿ ಒಂದನ್ನು ಮಾತ್ರ ಉಳಿಸುತ್ತೇವೆ ಎನ್ನುವುದು ಹುಸಿಮಾತು. ಉಳಿದರೆ ಸಾಲೇ ಉಳಿಯಬೇಕು.

ನಾಡಿನಲ್ಲಿ ಕಾರ್ಮಿಕರ ಸಾಲುಮನೆಗಳ ಅತಿ ದೊಡ್ಡ ಉದಾಹರಣೆ ಕೋಲಾರದ ಚಿನ್ನದ ಗಣಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿ ಹಿಡಿದ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಕಾರ್ಮಿಕರಿಗೆ ಮೊದಲು ಸಿಕ್ಕಿದ್ದು ಬಿದಿರು ತಟ್ಟಿಯ ಗುಡಿಸಲು. ಅವರಲ್ಲಿ ಹೆಚ್ಚಿನವರು ದಲಿತರು. ಬರಬರುತ್ತ ಗೋಡೆ ಎದ್ದವು, ತಗಡು ಬಂತು, ‘ಲೈನ್’ಗಳಾದವು. ಗುಡ್ಡದ ಮೇಲೆ ಸಾಹೇಬರ ಬಂಗಲೆ ಮತ್ತು ಕ್ಲಬ್ಬು, ತಗ್ಗಿನಲ್ಲಿ ಒಂದು ಕೋಣೆಯ ಸಾಲುಗಳು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಹರಿಯಿತು. ಲೈನ್ ಮನೆಯೊಳಗೆ ದೀಪ ಹತ್ತುವುದು ಅಷ್ಟು ತುರ್ತಿನ ಕೆಲಸ ಆಗಿರಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಒಳಗೆ ಬಂಡೆ ಸಿಡಿದಾಗ ಮೇಲಿನ ಕಟ್ಟಡಗಳೂ ಬಿರುಕು ಬಿಟ್ಟದ್ದುಂಟು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೂಲಿ ನಿಂತರೂ ಜನ ಲೈನ್ ಬಿಡಲಿಲ್ಲ. ಅಲ್ಲೇ ಇದ್ದು ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗಿಬರುವ ಮನೆಗಳೇ ಹೆಚ್ಚು.

ಕಾನೂನು ಏನು ಹೇಳುತ್ತದೆ? 1958ರ ಕೇಂದ್ರ ಕಾಯ್ದೆಯ ಪ್ರಕಾರ ಸ್ಮಾರಕಕ್ಕೆ ಕನಿಷ್ಠ ನೂರು ವರ್ಷ ಆಗಿರಬೇಕು. ವಯಸ್ಸಿನ ಮಟ್ಟಿಗೆ ಹಳೆಯ ರೈಲ್ವೆ ಸಾಲುಗಳೂ ಗಣಿ ಲೈನ್‌ಗಳೂ ಪಾಸು. ಆದರೆ 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ. ಕೋಟೆಗೆ ಹೊಲಿದ ಅಂಗಿ ಇದು, ಜನ ಬಾಳುವ ಮನೆಗೆ ತೊಡಿಸಿದರೆ ಉಸಿರು ಕಟ್ಟುತ್ತದೆ. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡದ ಜೊತೆಗೆ ಪಾರಂಪರಿಕ ಪ್ರದೇಶವನ್ನೂ ಗುರುತಿಸಲು ಈಗ ದಾರಿಯಿದೆ. ಸಾಲುಮನೆಗೆ ಒಗ್ಗುವುದು ಈ ದಾರಿಯೇ. ಆದರೆ ಪಾರಂಪರಿಕ ಕಟ್ಟಡ ಎಂದರೆ ಮೈಸೂರಿನ ಅರಮನೆ, ಚೌಕ, ಕಾಲೇಜುಗಳು ಎಂದೇ ನಮ್ಮ ಕಚೇರಿಗಳಿಗೆ ಹೊಳೆಯುವುದು.

ಒಂದು ತಕರಾರನ್ನು ಮುಚ್ಚಿಡುವಂತಿಲ್ಲ. ಪಕ್ಕದ ಚಿಕ್ಕಮಗಳೂರಿನ, ಕೊಡಗಿನ ಕಾಫಿ ತೋಟಗಳ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರ ಮುಂದೆ ‘ಪರಂಪರೆ’ ಎಂದು ನೋಡಿ. ಅವರಿಗೆ ಅದು ಕೆಲಸ ಬಿಟ್ಟ ದಿನವೇ ಸೂರು ಬಿಡಬೇಕಾದ ಜಾಗ. 2016ರಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿ ಕೂತ ಆದಿವಾಸಿಗಳಲ್ಲಿ ಬಹಳ ಮಂದಿ ಲೈನ್ ಮನೆ ಬಿಟ್ಟು ಬಂದವರು. ಕೇಳಿದ್ದು ಸ್ವಂತದ ತುಂಡು ನೆಲ. ಹತ್ತಡಿ ಕೋಣೆಯಲ್ಲಿ ಆರು ಜನ ಮಲಗಿದ ಕಷ್ಟವನ್ನು ಚಿತ್ರಪಟದ ಅಂದವಾಗಿ ಕಾಣುವ ಕಣ್ಣು ನಮಗೆ ಬೇಡ. ಹಕ್ಕುಪತ್ರ ಮೊದಲು, ಸಂರಕ್ಷಣೆ ಆಮೇಲೆ. ಈ ಕ್ರಮ ತಪ್ಪಿದರೆ ಸಂರಕ್ಷಣೆಯ ಹೆಸರಿನಲ್ಲಿ ಒಕ್ಕಲೆಬ್ಬಿಸುವ ಕೆಲಸ ಶುರುವಾಗುತ್ತದೆ.

ಇಂಗ್ಲೆಂಡಿನ ಸಾಲ್ಟೇರ್ ಊರನ್ನು 1851ರಲ್ಲಿ ಟೈಟಸ್ ಸಾಲ್ಟ್ ಎಂಬ ಗಿರಣಿ ಮಾಲೀಕ ತನ್ನ ಕೆಲಸಗಾರರಿಗಾಗಿ ಕಟ್ಟಲು ಶುರುಮಾಡಿದ. 2001ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಲಾರದ ಗಣಿ ಮುಚ್ಚಿದ್ದೂ ಅದೇ ವರ್ಷ. ಸಾಲ್ಟೇರಿನ ಸಾಲುಗಳಲ್ಲಿ ಇಂದಿಗೂ ಸಂಸಾರಗಳಿವೆ. ಇತ್ತ ಮುಂಬಯಿಯ ಕಾರ್ಮಿಕರ ಬಿಡಿಡಿ ಚಾಳುಗಳನ್ನು ಕೆಡವಿ ಗೋಪುರ ಎಬ್ಬಿಸಲಾಗುತ್ತಿದೆ; ಚಾಳಿನವರಿಗೆ ಅಗಲದ ಮನೆ ಬೇಕಿತ್ತು, ಅದನ್ನು ತಪ್ಪೆನ್ನಲಾಗದು. ನಡುವೆ ಒಂದು ದಾರಿಯಿದೆ. ಖಾಲಿ ಇರುವಲ್ಲಿ ನಡುಗೋಡೆಗೆ ಬಾಗಿಲು ಕೊರೆದು ಎರಡು ಮನೆಯನ್ನು ಒಂದು ಮಾಡಬಹುದು. ಬಚ್ಚಲು, ಶೌಚಾಲಯವನ್ನು ಹಿತ್ತಲಿಗೆ ಸೇರಿಸಬಹುದು. ಮುಖ, ಸೂರಿನ ಇಳಿಜಾರು, ಸಾಲಿನ ಉದ್ದ ಹಾಗೇ ಇರಲಿ. ದುರಸ್ತಿಯ ಹಣ ಗುತ್ತಿಗೆದಾರನ ಕೈ ಸೇರುವ ಬದಲು ಸಾಲಿನವರ ಕೈಗೇ ಬರಲಿ.

ಇದಕ್ಕೆಲ್ಲ ಮೊದಲು ನಮ್ಮ ಜಿಲ್ಲೆಯಲ್ಲಿ ಯಾವ ಸಾಲು ಎಲ್ಲಿದೆ ಎಂಬ ಪಟ್ಟಿ ಬೇಕು. ಓದುಗರು ತಮ್ಮೂರ ರೈಲ್ವೆ, ಗಿರಣಿ, ಪೌರಕಾರ್ಮಿಕರ ಸಾಲುಮನೆಗಳ ಅಳತೆ ತೆಗೆದು ಪತ್ರಿಕೆಗೆ ಕಳಿಸಿ: ಕೋಣೆಯ ಉದ್ದಗಲ, ಗೋಡೆಯ ದಪ್ಪ, ಸೂರಿಗೆ ಹಾಕಿದ್ದೇನು, ಈಗ ಯಾರ ಹೆಸರಿನಲ್ಲಿದೆ. ಫೋಟೊ ಇದ್ದರೆ ಒಳ್ಳೆಯದು. ಅಳೆಯುವ ಮುಂಚೆ ಒಳಗಿರುವವರ ಒಪ್ಪಿಗೆ ಕೇಳಿ.