ಅವ್ವನ ಸರ, ಎರಡು ಲಕ್ಷದ ಲೆನ್ಸು

ಈ ಸಲ ಸಾರಿನ ಪುಡಿ, ಸಂಡಿಗೆ ವಿಷ್ಯ ಬಿಟ್ಟು ಕ್ಯಾಮೆರಾ ವಿಷ್ಯ ಬರೀತಾ ಇದ್ದೀನಿ. ಇವಳಿಗ್ಯಾಕೆ ಇದೆಲ್ಲಾ ಅಂತ ನಗಬೇಡಿ ಕಣ್ರಮ್ಮ. ಹದಿನೈದು ದಿನದಿಂದ ನಮ್ಮನೇಲಿ ಇದೇ ಪಂಚಾಯ್ತಿ.

ಕುಣಿಗಲ್‌ನಲ್ಲಿರೋ ನನ್ನ ತಂಗಿ ಮಗಳು ಮದುವೆ ಫೋಟೋ ತೆಗೆಯೋ ಕೆಲಸ ಶುರು ಮಾಡವ್ಳೆ. ಹೆಣ್ಣಿಗೆ ಸೀರೆ ಉಡ್ಸೋವಾಗ, ಜಡೆ ಹಾಕೋವಾಗ ಗಂಡಸರು ಕ್ಯಾಮೆರಾ ಹಿಡ್ಕೊಂಡು ಬಂದ್ರೆ ಮುಜುಗರ ಅಂತ ಇವಳನ್ನೇ ಕರೆಯೋರು ಅವ್ರೆ. ಈಗ ಅವಳಿಗೆ ಮುಖದ ಫೋಟೋ ತೆಗೆಯೋ ಲೆನ್ಸು ಬೇಕಂತೆ. ಕ್ಯಾನನ್ ಕಂಪನೀದು, 85 ಎಂ.ಎಂ., ಎಫ್ 1.2. ಬೆಲೆ ಎರಡು ಲಕ್ಷದ ಮೇಲೆ! ಅದೇ ಕಂಪನಿಯ 50 ಎಂ.ಎಂ., ಎಫ್ 1.8 ಲೆನ್ಸು ಇಪ್ಪತ್ತು ಸಾವಿರದೊಳಗೇ ಸಿಗುತ್ತೆ.

ತಂಗಿ ಫೋನ್ ಮಾಡಿ, "ಅಕ್ಕ, ಅವ್ವನ ಎರಡೆಳೆ ಸರ ಅಡ ಇಡ್ತೀನಿ, ಮಗೀಗೆ ಕಮ್ಮಿ ಆಗ್ಬಾರ್ದು" ಅಂದ್ಲು. ಅವಳ ಯಜಮಾನ್ರು, "ಹೆಣ್ಣುಡ್ಗೀಗೆ ಲೆನ್ಸ್ ಯಾಕೆ, ನಾಳೆ ಮದುವೆ ಖರ್ಚಿಲ್ವಾ" ಅಂದ್ರು. ನಾನು ಇಬ್ಬರ ಮಾತನ್ನೂ ಒಪ್ಪಲಿಲ್ಲ.

ಬಾಯಿಗೆ ಬಂದಂಗೆ ಬೇಡ ಅನ್ನೋದು ತಪ್ಪು, ಮೊದಲು ತಿಳ್ಕೋಬೇಕು ಅಂತ ಹುಡುಗೀನೇ ಕೂರಿಸ್ಕೊಂಡು ಕೇಳಿದೆ. ಲೆನ್ಸಿನೊಳಗೆ ಬೆಳಕು ಬರೋ ಕಿಂಡಿ ಇರುತ್ತೆ. ಎಫ್ ಮುಂದಿನ ನಂಬರು ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50ನ್ನ 1.8ರಿಂದ ಭಾಗಿಸಿದ್ರೆ ಸುಮಾರು 28 ಮಿಲಿಮೀಟರ್, ಅಂದ್ರೆ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು ಅಗಲ. 85ನ್ನ 1.2ರಿಂದ ಭಾಗಿಸಿದ್ರೆ 71 ಮಿಲಿಮೀಟರ್, ಅಂದ್ರೆ ಒಂದು ಇಡ್ಲಿಯಷ್ಟು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಲ್ಲ ಮತ್ತೆ, ಮಾಮೂಲಿ ಇಡ್ಲಿ! ಅಷ್ಟು ದೊಡ್ಡ ಗಾಜನ್ನ ತಪ್ಪಿಲ್ಲದಂಗೆ ಅರೆದು ಕೂರಿಸ್ಬೇಕು, ಅದಕ್ಕೇ ಆ ಬೆಲೆ, ಆ ತೂಕ. ಚಿಕ್ಕದು 160 ಗ್ರಾಂ, ದೊಡ್ಡದು 1,195 ಗ್ರಾಂ. ಮುಹೂರ್ತದಿಂದ ಊಟದವರೆಗೂ ಕೈಯಲ್ಲಿ ಹಿಡೀಬೇಕಲ್ಲ ಅಂತ ನನಗೆ ಅದೊಂದು ಚಿಂತೆ.

ಆಮೇಲೆ ಪರೀಕ್ಷೆ ಮಾಡೇಬಿಡಣ ಅಂದೆ. ಹುಡುಗಿ ಬೆಂಗಳೂರಿಂದ ದೊಡ್ಡ ಲೆನ್ಸನ್ನ ಒಂದು ದಿನಕ್ಕೆ ಬಾಡಿಗೆಗೆ ತಂದ್ಲು, ಚಿಕ್ಕದನ್ನ ಗೆಳತಿ ಹತ್ರ ಇಸ್ಕೊಂಡ್ಲು. ಗುಬ್ಬೀಲಿ ನಮ್ಮ ತವರುಮನೆ ಜಗಲಿ ಮೇಲೆ ಸಂಜೆ ನಾಲ್ಕು ಗಂಟೆಗೆ ನನ್ನನ್ನೂ ಅತ್ತಿಗೇನೂ ಕೂರಿಸಿ ಎರಡರಲ್ಲೂ ತೆಗೆದ್ಲು. ಆಚೆಮನೆಯೋರಿಗೆ ಯಾವುದು ಯಾವುದರದ್ದು ಅಂತ ಹೇಳ್ದೆ ತೋರಿಸಿದ್ವಿ. ಒಬ್ಬರು ಇದು ಚೆನ್ನಾಗೈತೆ ಅಂದ್ರೆ ಇನ್ನೊಬ್ಬರು ಅದು ಅಂದ್ರು. ಬೆಲೆ ಯಾರಿಗೂ ಕಾಣಲಿಲ್ಲ.

ಒಂದು ಫೋಟೋ ನೋಡಿ ಮಾತ್ರ ಅತ್ತಿಗೆ ಕೇಳಿದ್ರು, "ನನ್ನ ಓಲೆ ಎಲ್ಲೋಯ್ತೇ?" ದೊಡ್ಡ ಲೆನ್ಸಿನ ಕಿಂಡಿ ಪೂರ್ತಿ ತೆರೆದು ಎರಡು ಮೀಟರ್ ದೂರದಿಂದ ತೆಗೆದಿದ್ಲು. ಹಂಗೆ ತೆಗೆದ್ರೆ ಅವಳ ಕ್ಯಾಮೆರಾದಲ್ಲಿ ಎರಡೂವರೆ ಮೂರು ಸೆಂಟಿಮೀಟರ್ ಆಳ ಮಾತ್ರ ನಿಚ್ಚಳವಾಗಿ ಬೀಳುತ್ತಂತೆ. ಕಣ್ಣು ಮಿಂಚ್ತಾ ಇತ್ತು, ರೆಪ್ಪೆ ಎಣಿಸಬಹುದಿತ್ತು, ಓಲೆ ಮಾತ್ರ ಮಂಜು ಮುಸುಕಿದಂಗೆ. ಮದುವೆ ಮನೇಲಿ ಹೆಣ್ಣಿನ ತಾಯಿ ಮೊದಲು ಹುಡುಕೋದೇ ಓಲೆ, ಮೂಗುಬೊಟ್ಟು, ಜುಮುಕಿ ಅಲ್ವಾ? ಮೂಗಿನಿಂದ ಕಿವಿವರೆಗೂ ನಿಚ್ಚಳ ಬರ್ಬೇಕು ಅಂದ್ರೆ ಕಿಂಡೀನ 4ಕ್ಕೋ 5.6ಕ್ಕೋ ಇಳಿಸ್ಬೇಕು. ಅಷ್ಟಕ್ಕೆ ಇಳಿಸಿದ ಮೇಲೆ ಎರಡು ಲಕ್ಷದ್ದಕ್ಕೂ ಇಪ್ಪತ್ತು ಸಾವಿರದ್ದಕ್ಕೂ ನಮ್ಮಂಥೋರ ಕಣ್ಣಿಗೆ ವ್ಯತ್ಯಾಸ ಕಾಣಲ್ಲ.

ಇನ್ನೊಂದು ವಿಷ್ಯ. ಅವಳ ಕ್ಯಾಮೆರಾದ ಸೆನ್ಸರ್ ಚಿಕ್ಕ ಅಳತೇದು. ಅದರಲ್ಲಿ 50ರ ಲೆನ್ಸು ದೊಡ್ಡ ಕ್ಯಾಮೆರಾದ 80ರ ಥರ ಕಾಣುತ್ತೆ, ಮುಖಕ್ಕೆ ಹೇಳಿ ಮಾಡಿಸಿದ್ದು. 85 ಹಾಕಿದ್ರೆ 136ರ ಥರ ಆಗಿ ಹಿಂದಕ್ಕೆ ಹಿಂದಕ್ಕೆ ಹೋಗ್ಬೇಕು. ಛತ್ರದ ಹೆಣ್ಣಿನ ಕೋಣೆ ನೀವು ನೋಡಿಲ್ವಾ? ಸೂಟ್‌ಕೇಸು, ಹೂವಿನ ಪುಟ್ಟಿ, ಎಂಟು ಜನ ಅತ್ತೆ ಚಿಕ್ಕಮ್ಮಂದಿರು. ಹಿಂದಕ್ಕೆ ಹೋದ್ರೆ ಬಚ್ಚಲುಮನೆ.

ಹಂಗಂತ ದೊಡ್ಡ ಲೆನ್ಸು ಬರೀ ಜಂಬ ಅನ್ನಲ್ಲ ನಾನು. ದೀಪ ಹಚ್ಚೋ ಹೊತ್ತಿಗೆ ನಡುಮನೇಲಿ ತೆಗೆದಾಗ ಅದರ ಗತ್ತು ಗೊತ್ತಾಯ್ತು. 1.8ಕ್ಕಿಂತ 1.2ರಲ್ಲಿ ಎರಡೂಕಾಲು ಪಟ್ಟು ಬೆಳಕು ಒಳಗೆ ಬರುತ್ತೆ. ಚಿಕ್ಕದು ಪೂರ್ತಿ ತೆರೆದಾಗ ಅಂಚು ಸ್ವಲ್ಪ ಮೆತ್ತಗಾಗುತ್ತೆ, ಮಲ್ಲಿಗೆ ದಂಡೆ ಅಂಚಿಗೆ ನೇರಳೆ ಬಣ್ಣ ಕಂಡಿತು. ದೊಡ್ಡದರಲ್ಲಿ ಅದು ಇಲ್ಲ. ಧೂಳು, ತುಂತುರು ತಡೆಯೋ ಹಂಗೂ ಕಟ್ಟಿರ್ತಾರೆ. ಬೆಳಗಿನ ಜಾವದ ಧಾರೆ, ಮಬ್ಬು ಛತ್ರ ಅಂದ್ರೆ ಅದು ಬೇಕಾಗಬಹುದು. ಆದ್ರೆ ಅಂಥ ದಿನಕ್ಕೆ ಬಾಡಿಗೆ ಐತಲ್ಲ! ಮದುವೆಗೆ ನೂರು ಜನದ ಪಾತ್ರೆ ನಾವು ಕೊಂಡುಕೊಳ್ತೀವಾ? ಬಾಡಿಗೆಗೆ ತರ್ತೀವಿ. ಬಾಡಿಗೆ ಕೊಟ್ಟೂ ಕೊಟ್ಟೂ ಸಾಕಾಯ್ತು ಅನ್ನೋವಷ್ಟು ಕೆಲಸ ಬಂದ ದಿನ, ಅವಳ ದುಡಿಮೇಲಿ ಅವಳೇ ಕೊಳ್ಳಲಿ.

ಇಷ್ಟು ಹೇಳೋಕೆ ನನಗೆ ಇನ್ನೊಂದು ಕಾರಣ ಐತೆ. ಗುಬ್ಬಿ ಮನೇಲಿ ಅವ್ವನ ಫೋಟೋ ನೀವೆಲ್ಲ ನೋಡಿದ್ದೀರಿ. ಅವ್ವ ಹೋದ ದಿನ ಮನೆಯೆಲ್ಲ ಹುಡುಕಿದ್ರೂ ಒಂಟಿ ಫೋಟೋ ಸಿಗಲಿಲ್ಲ. ಯಾರದೋ ಮದುವೆ ಗುಂಪಿನ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡ್ಸಿದ್ವಿ. ಕಣ್ಣು ಎಲ್ಲಿ, ಮೂಗು ಎಲ್ಲಿ ಅಂತ ನಾವು ನೆನೆಸಿಕೊಂಡೇ ನೋಡ್ಬೇಕು. ಮುಖದ ಫೋಟೋ ಬೆಲೆ ನನಗೆ ಗೊತ್ತಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಆದ್ರೆ ಅವ್ವನದು ಅಂತ ಮಾಸದೆ ಉಳಿದಿರೋದು ಆ ಸರ ಒಂದೇ. ಅದನ್ನ ಅಡ ಇಟ್ಟು, ಬಡ್ಡಿ ಕಟ್ಟೋಕಾಗದೆ ಹರಾಜಿಗೆ ಹೋದ್ರೆ ಯಾವ ಲೆನ್ಸಲ್ಲಿ ತೆಗೆದು ತರ್ತೀವಿ?

ತಂಗಿಗೆ ಸರ ಪೆಟ್ಟಿಗೇಲಿ ಇಡು ಅಂದೆ. ಅವಳ ಯಜಮಾನ್ರಿಗೂ ಹೇಳ್ದೆ, "ಗಂಡು ಮಗ ಕೇಳಿದ್ರೆ ಬೈಕಿಗೆ ಲಕ್ಷ ಸಾಲ ತರ್ತಿದ್ರಿ, ಮಗಳಿಗೆ ಇಪ್ಪತ್ತು ಸಾವಿರ ಗೊಣಗದೆ ಕೊಡಿ." ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಹೂಂ ಅಂದ್ರು. ಹುಡುಗಿ ಮುಖ ಒಂದಿನ ಸಣ್ಣದಾಗಿತ್ತು, ಸುಳ್ಳು ಯಾಕೆ ಹೇಳ್ಲಿ.

ಹೋದ ವಾರ ಚಿಕ್ಕ ಲೆನ್ಸು ಮನೆಗೆ ಬಂತು. ಕುಣಿಗಲ್‌ನಲ್ಲಿ ಕಿಟಕಿ ಪಕ್ಕ ಅವರಜ್ಜೀನ ಕೂರಿಸಿ ತೆಗೆದ ಫೋಟೋ ನನಗೆ ಕಳಿಸಿದ್ಲು. ಫೋಟೋ ಅಂದ್ರೆ ಸೆರಗು ಮುಚ್ಚಿಕೊಳ್ತಿದ್ದ ಮುದುಕಿ ಬೊಚ್ಚು ಬಾಯಲ್ಲಿ ನಗ್ತಾ ಇತ್ತು. ಓಲೆ ನಿಚ್ಚಳವಾಗಿತ್ತು. ನಿಮ್ಮನೇಲೂ ವಯಸ್ಸಾದೋರು ಇದ್ರೆ ಲೆನ್ಸಿಗೆ ಕಾಯ್ಬೇಡಿ, ಇರೋ ಫೋನಲ್ಲೇ ಕಿಟಕಿ ಬೆಳಕಿಗೆ ಕೂರಿಸಿ ಇವತ್ತೇ ಒಂದು ತೆಗೀರಿ.